ಅಪ್ರೈಸಲ್ ಇಲ್ಲದ ಪ್ರೀತಿ

ನೈಟ್ ಶಿಫ್ಟ್ ಮುಗಿಸಿ ರೂಮಿಗೂ ಹೋಗದೆ ನೇರವಾಗಿ ಆರಾಧನೆಗೆ ಬಂದವರು ಹಿಂದಿನ ಸಾಲಲ್ಲಿ ಕೂತಿದ್ದೀರ, ನೋಡ್ತಾ ಇದ್ದೀನಿ. ನಿದ್ದೆ ಬಂದ್ರೆ ಸಂಕೋಚ ಪಡಬೇಡಿ. ನಮ್ಮ ಕರ್ತನೂ ದೋಣಿಯಲ್ಲಿ ನಿದ್ದೆ ಮಾಡಿದವನೇ.

ಇವತ್ತಿನ ವಾಕ್ಯ ಎಫೆಸದವರಿಗೆ ಬರೆದ ಪತ್ರಿಕೆ ಮೂರನೇ ಅಧ್ಯಾಯ, ಹದಿನೇಳನೇ ವಚನದಿಂದ. ಸತ್ಯವೇದ ಇರೋರು ತೆಗೆದಿಟ್ಟುಕೊಳ್ಳಿ, ಮೊಬೈಲಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ ಓದಿ. ಪೌಲನು ಅಲ್ಲಿ ಎರಡು ಚಿತ್ರಗಳನ್ನ ಒಟ್ಟಿಗೆ ಕೊಡ್ತಾನೆ. ಒಂದು ಮರದ ಬೇರು, ಇನ್ನೊಂದು ಮನೆಯ ಅಸ್ತಿವಾರ. ಎರಡೂ ಪ್ರೀತಿಯಲ್ಲಿ ಇರಬೇಕು ಅಂತಾನೆ. ಗಮನಿಸಿ ಪ್ರಿಯರೇ, ಎರಡೂ ಮಣ್ಣಿನ ಕೆಳಗೆ ಇರೋ ವಸ್ತುಗಳು. ಯಾರಿಗೂ ಕಾಣಿಸಲ್ಲ. ಮತ್ತೆ ಎರಡೂ ಮೊದಲೇ ಆಗಬೇಕಾದವು. ಮೂರನೇ ಮಹಡಿ ಕಟ್ಟಿದ ಮೇಲೆ ಅಸ್ತಿವಾರ ಹಾಕೋಕೆ ಆಗಲ್ಲ.

ಇದು ನಮಗೆಲ್ಲ ಗೊತ್ತಿರೋ ಮಾತು. ದೇವರು ಪ್ರೀತಿಯಾಗಿದ್ದಾನೆ ಅಂತ ಸಂಡೇ ಸ್ಕೂಲಲ್ಲಿ ಕಲಿತಿದ್ದೀವಿ. ಕಾರಿನ ಹಿಂದೆ ಸ್ಟಿಕ್ಕರ್ ಹಾಕಿದ್ದೀವಿ. ಆದ್ರೆ ನನಗೆ ಒಂದು ಪ್ರಶ್ನೆ ಬಹಳ ವರ್ಷಗಳಿಂದ ಕಾಡ್ತಾ ಇದೆ. ನಮ್ಮ ಜೀವನದಲ್ಲಿ ಆ ಪ್ರೀತಿ ಅಸ್ತಿವಾರದ ಜಾಗದಲ್ಲಿ ಇದೆಯಾ, ಇಲ್ಲ ತಿಂಗಳ ಕೊನೆಯ ಸಂಬಳದ ಜಾಗದಲ್ಲಿ ಇದೆಯಾ? ನಾನು ಬದುಕೋದು ಅದರ ಮೇಲೆ ನಿಂತುಕೊಂಡಾ, ಇಲ್ಲ ಅದನ್ನ ಪಡೆಯೋಕೆ ದುಡಿದುಕೊಂಡಾ?

ನಾವು ಇರೋ ಊರು ಅಂಥದ್ದು. ವೈಟ್‌ಫೀಲ್ಡಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡೋ ನಿಮಗೆ ವರ್ಷಕ್ಕೊಂದು ಸಾರಿ ರೇಟಿಂಗ್ ಬರುತ್ತೆ. ಆ ಒಂದು ನಂಬರ್ ನೋಡಿ ಊರಿಗೆ ಫೋನ್ ಮಾಡೋ ಧ್ವನಿಯೇ ಬದಲಾಗುತ್ತೆ. ಪ್ರಾಜೆಕ್ಟ್ ಇಲ್ಲದೆ ಬೆಂಚಲ್ಲಿ ಕೂತವರಿಗೆ ಕ್ಯಾಂಟೀನಲ್ಲಿ ಊಟ ರುಚಿಸಲ್ಲ. ಮದುವೆ ಮಾತುಕತೆಯಲ್ಲೂ ಮೊದಲು ಕೇಳೋದು ಪ್ಯಾಕೇಜ್ ಎಷ್ಟು ಅಂತ, ವಿಶ್ವಾಸಿಗಳ ಮನೆಯಲ್ಲೂ ಅಷ್ಟೇ, ಸುಳ್ಳು ಹೇಳೋದು ಬೇಡ.

ಸೇವೆಗೆ ಬರೋ ಮುಂಚೆ ನಾನು ಪೀಣ್ಯ ಎರಡನೇ ಹಂತದಲ್ಲಿ ಸಿಎನ್‌ಸಿ ಮಷೀನ್ ಓಡಿಸ್ತಿದ್ದೆ. ಶಿಫ್ಟಿಗೆ ಇಷ್ಟು ಪೀಸ್ ಅಂತ ಲೆಕ್ಕ. ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ ಪೀಸ್ ಕೆಂಪು ಡಬ್ಬಿಗೆ ಹೋಗ್ತಿತ್ತು. ಶಿಫ್ಟ್ ಮುಗಿಯೋ ಹೊತ್ತಿಗೆ ಸೂಪರ್‌ವೈಸರ್ ಮೊದಲು ಬಗ್ಗಿ ನೋಡೋದು ಆ ಕೆಂಪು ಡಬ್ಬಿಯನ್ನೇ. ಒಳ್ಳೆ ಪೀಸುಗಳ ಟ್ರೇ ಕಡೆ ಆಮೇಲೆ ನೋಡ್ತಿದ್ರು. ಅದು ತಪ್ಪಲ್ಲ, ಅವರ ಕೆಲಸ ಅದು. ಆದ್ರೆ ನನಗೆ ಗೊತ್ತಿಲ್ಲದ ಹಾಗೆ ನನ್ನ ದೇವರೂ ಹಾಗೇ ಆಗಿಬಿಟ್ಟ. ರಾತ್ರಿ ಮೊಣಕಾಲೂರಿದ್ರೆ ಆತನು ನನ್ನ ಕೆಂಪು ಡಬ್ಬಿಯೊಳಗೆ ಬಗ್ಗಿ ನೋಡ್ತಾ ಇದ್ದಾನೆ ಅನ್ನಿಸ್ತಿತ್ತು. ಇವತ್ತು ಎಷ್ಟು ಹೊತ್ತು ಪ್ರಾರ್ಥನೆ ಮಾಡಿದೆ, ಎಷ್ಟು ಅಧ್ಯಾಯ ಓದಿದೆ, ಯಾರ ಮೇಲೆ ರೇಗಿದೆ. ಪಕ್ಕದಲ್ಲಿದ್ದ ಬ್ರದರ್ ಅನ್ಯಭಾಷೆಯಲ್ಲಿ ಅರ್ಧ ಗಂಟೆ ಪ್ರಾರ್ಥಿಸಿದ್ರೆ ನನಗೆ ಸಂತೋಷ ಆಗ್ತಿರಲಿಲ್ಲ, ನನ್ನ ಪೀಸ್ ಕಡಿಮೆ ಆಯ್ತಲ್ಲ ಅನ್ನೋ ಸಂಕಟ.

ಆ ದೇವರನ್ನೇ ಹೊತ್ತುಕೊಂಡು ನಾನು ಸೇವೆಗೆ ಬಂದೆ. ಆತನನ್ನೇ ಬೇರೆಯವರಿಗೂ ಹಂಚಿದೆ. ಅದರ ಫಲ ಹೇಳ್ತೀನಿ. ಆ ತಂಗಿಯ ಅನುಮತಿ ಕೇಳಿಯೇ ಹೇಳ್ತಾ ಇದ್ದೀನಿ, ಹೆಸರು ಬೇಡ ಅಂದಿದ್ದಾಳೆ.

ಆಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದಳು, ನೀಲಾದ್ರಿ ರಸ್ತೆ ಹತ್ತಿರದ ಪಿಜಿಯಲ್ಲಿ ವಾಸ. ತಂದೆಗೆ ಡಯಾಲಿಸಿಸ್ ನಡೀತಿತ್ತು. ಆಕೆ ಇಪ್ಪತ್ತೊಂದು ದಿನ ಉಪವಾಸ ಪ್ರಾರ್ಥನೆ ಮಾಡ್ತೀನಿ ಪಾಸ್ಟರ್ ಅಂದಳು. ನಾನು ಪ್ರೋತ್ಸಾಹ ಕೊಟ್ಟೆ. ಹಗಲೆಲ್ಲ ಏನೂ ತಿನ್ನದೆ, ಕುಡಿಯದೆ, ಕೆಲಸಕ್ಕೂ ಹೋಗಿ, ಸಂಜೆ ಪ್ರಾರ್ಥನೆಗೂ ಬಂದಳು. ಇಪ್ಪತ್ತೊಂದು ದಿನ ಮುಗಿದ ಮೇಲೆ ನಾಲ್ಕನೇ ದಿನ ತಂದೆ ತೀರಿಹೋದರು.

ಮಣ್ಣು ಮಾಡಿ ವಾಪಸ್ ಬಂದ ಮೇಲೆ ಆಕೆ ನನ್ನ ಹತ್ತಿರ ಕೇಳಿದ್ದು ಒಂದೇ ಮಾತು. “ಪಾಸ್ಟರ್, ಹದಿನಾಲ್ಕನೇ ದಿನ ಮಧ್ಯಾಹ್ನ ಆಫೀಸಲ್ಲಿ ತಲೆ ಸುತ್ತಿ ಬಂತು. ಒಂದು ಲೋಟ ಮಜ್ಜಿಗೆ ಕುಡಿದೆ. ಅದಕ್ಕೇನಾ?”

ನಾನು ಏನು ಹೇಳಬೇಕಿತ್ತು? ಇಲ್ಲ ತಂಗಿ, ಖಂಡಿತ ಇಲ್ಲ ಅನ್ನಬೇಕಿತ್ತು. ಅಷ್ಟೂ ಹೇಳೋಕೆ ಆಗದಿದ್ರೆ ಪಕ್ಕದಲ್ಲಿ ಕೂತು ಅಳಬೇಕಿತ್ತು. ನಾನು ಹೇಳಿದ್ದು, ದೇವರು ನಮ್ಮ ಸಮರ್ಪಣೆಯನ್ನ ಪರೀಕ್ಷಿಸ್ತಾನಮ್ಮ, ಮುಂದಿನ ಸಾರಿ ಪೂರ್ತಿಯಾಗಿ ಒಪ್ಪಿಸಿಕೊಡಬೇಕು. ಹೌದು, ಈ ಬಾಯಿಂದಲೇ ಹೇಳಿದ್ದು. ಒಂದು ಲೋಟ ಮಜ್ಜಿಗೆಗೆ ಒಬ್ಬ ತಂದೆಯ ಪ್ರಾಣವನ್ನ ಲೆಕ್ಕ ಹಾಕೋ ದೇವರನ್ನ ನಾನು ಆ ಮಗಳಿಗೆ ತೋರಿಸಿ ಕಳಿಸಿದೆ. ಆಕೆ ತಲೆ ಆಡಿಸಿ ಹೋದಳು. ಮತ್ತೆ ಸಭೆಗೆ ಬರಲಿಲ್ಲ.

ಪ್ರಿಯರೇ, ಉಪವಾಸ ತಪ್ಪು ಅಂತ ನಾನು ಹೇಳ್ತಾ ಇಲ್ಲ. ನಾನು ಈಗಲೂ ಉಪವಾಸ ಇರ್ತೀನಿ, ಪವಿತ್ರಾತ್ಮನ ಅಭಿಷೇಕವನ್ನ ಈಗಲೂ ಬಾಯಾರಿಕೆಯಿಂದ ಬೇಡ್ತೀನಿ. ಆದ್ರೆ ಉಪವಾಸ ನಾನು ದೇವರಿಗೆ ಕಟ್ಟೋ ಬಿಲ್ ಆಗಿಬಿಟ್ಟರೆ, ಕಟ್ಟಿದ ಮೇಲೆ ಸಾಮಾನು ಬರದಿದ್ದಾಗ ಉಳಿಯೋದು ಎರಡೇ ದಾರಿ. ಒಂದೋ ಅಂಗಡಿಯವನು ಮೋಸಗಾರ, ಇಲ್ಲ ನನ್ನ ನೋಟು ಖೋಟಾ. ಆ ತಂಗಿಗೆ ದೇವರನ್ನ ಮೋಸಗಾರ ಅನ್ನೋಕೆ ಮನಸ್ಸು ಬರಲಿಲ್ಲ. ಅದಕ್ಕೆ ತಾನೇ ಖೋಟಾ ಅಂದುಕೊಂಡಳು.

ಈಗ ಯೊರ್ದನ್ ಹೊಳೆಗೆ ಹೋಗೋಣ. ಯೇಸು ದೀಕ್ಷಾಸ್ನಾನ ತಗೊಂಡು ನೀರಿಂದ ಮೇಲೆ ಬಂದಾಗ ಆಕಾಶದಿಂದ ತಂದೆಯ ಧ್ವನಿ ಬಂತು. ಇವನು ನನಗೆ ಪ್ರಿಯನಾದ ಮಗ, ಇವನನ್ನ ಮೆಚ್ಚಿದ್ದೀನಿ ಅನ್ನೋ ಅರ್ಥದ ಮಾತು. ಮಾರ್ಕನ ಸುವಾರ್ತೆಯಲ್ಲಿ ಇದು ಎಷ್ಟನೇ ಅಧ್ಯಾಯ? ಒಂದನೇದು. ಅಲ್ಲಿವರೆಗೆ ಯೇಸು ಏನು ಮಾಡಿದ್ದ ಅಂತ ಮಾರ್ಕ ಬರೆದಿದ್ದಾನೆ? ಒಂದು ಪ್ರಸಂಗ ಇಲ್ಲ, ಒಂದು ಅದ್ಭುತ ಇಲ್ಲ, ಒಬ್ಬ ಕುಷ್ಠರೋಗಿ ಇನ್ನೂ ಶುದ್ಧನಾಗಿಲ್ಲ. ಮೂವತ್ತು ವರ್ಷದ ಹತ್ತಿರ ನಜರೇತಲ್ಲಿ ಬಡಗಿ ಕೆಲಸ ಮಾಡಿದವನು, ನಮ್ಮ ಹಾಗೆ ಕೈಕೆಲಸದವನು. ತಂದೆಯ ಮೆಚ್ಚುಗೆ ಕೆಲಸ ಶುರುವಾಗೋ ಮುಂಚೆ ಬಂತು. ನಲವತ್ತು ದಿನದ ಉಪವಾಸ ಅದಾದ ಮೇಲೆ! ಈ ಕ್ರಮವನ್ನ ನಾನು ಎಷ್ಟೋ ಸಾರಿ ಓದಿದ್ದೆ, ನೋಡಿರಲಿಲ್ಲ. ಮಗ ಅನ್ನಿಸಿಕೊಳ್ಳೋಕೆ ಆತನು ಉಪವಾಸ ಮಾಡಲಿಲ್ಲ. ಮಗನಾಗಿದ್ದುಕೊಂಡೇ ಉಪವಾಸಕ್ಕೆ ಹೋದ. ಸೈತಾನನು ಅಲ್ಲಿ ಬಂದು ಮೊದಲು ಕೈ ಇಟ್ಟಿದ್ದೂ ಅಲ್ಲಿಗೇ, ನೀನು ದೇವರ ಮಗನಾಗಿದ್ದರೆ ಮಾಡಿ ತೋರಿಸು ಅಂತ. ಪರ್ಫಾರ್ಮೆನ್ಸ್ ಕೇಳಿದವನು ಯಾರು ಅಂತ ಗೊತ್ತಾಯ್ತಲ್ಲ.

ಲೂಕ ಹದಿನೈದರಲ್ಲಿ ದೊಡ್ಡ ಮಗ ಇದ್ದಾನೆ. ಮನೆ ಬಿಟ್ಟು ಹೋಗಲಿಲ್ಲ, ಒಂದು ರೂಪಾಯಿ ಹಾಳು ಮಾಡಲಿಲ್ಲ. ಆದ್ರೆ ತಮ್ಮ ಬಂದ ದಿನ ಅವನ ಬಾಯಿಂದ ಏನು ಬಂತು? ಇಷ್ಟು ವರ್ಷ ಗುಲಾಮನ ಹಾಗೆ ದುಡಿದೆ, ಒಂದು ಆಡಿನ ಮರಿಯೂ ಸಿಗಲಿಲ್ಲ ಅಂತ. ಮಗನಾಗಿ ಹುಟ್ಟಿ ಕೂಲಿಯವನಾಗಿ ಬದುಕಿದ. ಕಿರಿಯವನು ದೂರ ದೇಶದಲ್ಲಿ ಕಳೆದುಹೋದ, ಹಿರಿಯವನು ಹೊಲದಲ್ಲೇ ಕಳೆದುಹೋಗಿದ್ದ. ನಮ್ಮ ಸಭೆಗಳಲ್ಲಿ ಹಿರಿಯ ಮಕ್ಕಳೇ ಜಾಸ್ತಿ ಅಂತ ನನಗೆ ಅನುಮಾನ. ನಾನಂತೂ ಒಬ್ಬ.

ನಮ್ಮ ನೆಲದ್ದೇ ಒಬ್ಬ ತಾಯಿಯ ವಿಷಯ ಹೇಳ್ತೀನಿ. ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಅಂತ ಎಲ್ಲರೂ ತಿಳಿದಿದ್ದಾರೆ, ಆದ್ರೆ ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ ಮನುಷ್ಯ. ಇಡೀ ಕುಟುಂಬ ಪುರಾಣ ಓದ್ತಾ, ಕ್ಷೇತ್ರದಿಂದ ಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ವರ್ಷಗಟ್ಟಲೆ ಅಲೆದರು. ಕ್ಷಾಮದ ಕಾಲದಲ್ಲಿ ತಂದೆ ತಾಯಿ ಇಬ್ಬರೂ ತೀರಿಹೋದರು. ಆಮೇಲೆ ಅಣ್ಣ, ಆಮೇಲೆ ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡ. ಕೈಯಲ್ಲಿ ಒಂದು ಹೆಣ್ಣು ಕೂಸು.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಫುಲ್‌ಹ್ಯಾಮ್ ಅನ್ನೋ ಕಡೆ ಕ್ರೈಸ್ತ ಸಿಸ್ಟರ್‌ಗಳು ಸಮಾಜ ಬಿಸಾಕಿದ ಹೆಂಗಸರನ್ನ ಕೂರಿಸಿಕೊಂಡು ಆರೈಕೆ ಮಾಡೋದನ್ನ ನೋಡಿದರು. ಇವರಿಗೆ ಯಾಕಿಷ್ಟು ಪ್ರೀತಿ ಅಂತ ಕೇಳಿದಾಗ, ಯೋಹಾನ ನಾಲ್ಕನೇ ಅಧ್ಯಾಯದ ಸಮಾರ್ಯದ ಹೆಂಗಸಿನ ಕಥೆಯನ್ನ ಓದಿ ಹೇಳಿದರು. ಐದು ಗಂಡಂದಿರ ಲೆಕ್ಕ ಇದ್ದ ಹೆಂಗಸಿನ ಮುಂದೆ ಕೂತು ನೀರು ಕೇಳಿದ ಕ್ರಿಸ್ತನ ಕಥೆ. ಅದು ರಮಾಬಾಯಿಯವರನ್ನ ಹಿಡಿಯಿತು. ಅದೇ ವರ್ಷ ದೀಕ್ಷಾಸ್ನಾನ ಆಯ್ತು.

ಆದ್ರೆ ನನ್ನನ್ನ ತಟ್ಟಿದ್ದು ಮುಂದಿನ ಭಾಗ. ದೀಕ್ಷಾಸ್ನಾನ ಆಗಿ ಸುಮಾರು ಎಂಟು ವರ್ಷ ಆದ ಮೇಲೆ, 1891ರ ಹೊತ್ತಿಗೆ, ಅವರು ಒಂದು ವಿಷಯ ಕಂಡುಕೊಂಡರು. ತಾನು ಕ್ರೈಸ್ತ ಮತವನ್ನ ಸೇರಿದ್ದೀನಿ, ಕ್ರಿಸ್ತನನ್ನೇ ಇನ್ನೂ ಹೊಂದಿಲ್ಲ ಅಂತ. ತಮ್ಮ ಸಾಕ್ಷಿಯಲ್ಲಿ ಇದನ್ನ ಅವರೇ ಹೇಳಿಕೊಂಡಿದ್ದಾರೆ. ಸಿದ್ಧಾಂತ ಎಲ್ಲ ಗೊತ್ತಿತ್ತು, ಸೇವೆಯೂ ಮಾಡ್ತಿದ್ದರು, 1889ರಲ್ಲೇ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಶುರು ಮಾಡಿದ್ದರು. ಅಂಥವರು, ನಾನು ಏನೂ ಕೊಡಬೇಕಾಗಿಲ್ಲ, ಆತನೇ ಕೊಟ್ಟಾಗಿದೆ, ಈಗಿರೋ ಹಾಗೇ ಆತನನ್ನ ಸ್ವೀಕರಿಸಬೇಕು ಅನ್ನೋ ಜಾಗಕ್ಕೆ ಬಂದರು. ಯೋಚನೆ ಮಾಡಿ, ಬಾಲ್ಯವೆಲ್ಲ ಪುಣ್ಯ ಸಂಪಾದನೆಗೆ ಕಾಲು ಸವೆಸಿದ ಹೆಣ್ಣುಮಗಳು. ಪುಕ್ಕಟೆ ಅನ್ನೋ ಮಾತನ್ನ ನಂಬೋಕೆ ಆಕೆಗೆ ದೀಕ್ಷಾಸ್ನಾನ ಆದ ಮೇಲೂ ಎಂಟು ವರ್ಷ ಬೇಕಾಯ್ತು. ನಮಗೆ ತಡ ಆಗ್ತಿದ್ರೆ ನಾಚಿಕೆ ಬೇಡ.

ಆಮೇಲೆ ಆಕೆ ಸುಮ್ಮನೆ ಕೂತರಾ? 1896ರ ಕ್ಷಾಮದಲ್ಲಿ ನೂರಾರು ಹೆಣ್ಣುಮಕ್ಕಳನ್ನ ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. ಬೀದಿಗೆ ಬಿದ್ದ ಹೆಂಗಸರಿಗೆ ಅಂತಲೇ ಅಲ್ಲಿ ಕೃಪಾ ಸದನ ಇತ್ತು. 1905ರಲ್ಲಿ ಅಲ್ಲಿಯೇ ಆತ್ಮನ ಉಜ್ಜೀವನ ಇಳಿದು ಬಂತು. ಭಾರತದ ಪೆಂತೆಕೋಸ್ತ್ ಇತಿಹಾಸ ಬರೆಯೋರು ಯಾರೂ ಮುಕ್ತಿಯನ್ನ ಬಿಟ್ಟು ಬರೆಯಲ್ಲ. ಮಗಳು ಮನೋರಮಾ ನಮ್ಮ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಇಷ್ಟೆಲ್ಲ ಭಾರ ಹೊತ್ತಿದ್ದು, ನನ್ನಿಂದ ಏನೂ ಬೇಕಾಗಿಲ್ಲದೆಯೇ ಆತನು ನನ್ನನ್ನ ಪ್ರೀತಿಸಿದ ಅಂತ ಒಪ್ಪಿಕೊಂಡ ಹೆಣ್ಣುಮಗಳು.

ಇಲ್ಲಿಗೆ ಒಬ್ಬ ತಮ್ಮ ಕೇಳಿದ ಪ್ರಶ್ನೆ ಬರುತ್ತೆ. ಸಾಫ್ಟ್‌ವೇರಲ್ಲಿ ಇದ್ದಾನೆ, ಬುದ್ಧಿವಂತ, ಪ್ರಶ್ನೆ ಕೇಳದೆ ಬಿಡಲ್ಲ. “ಪಾಸ್ಟರ್, ಹೇಗಿದ್ರೂ ಪ್ರೀತಿಸ್ತಾನೆ ಅಂದ್ರೆ ನಾನ್ಯಾಕೆ ಬದಲಾಗಬೇಕು? ಇಂಕ್ರಿಮೆಂಟ್ ಗ್ಯಾರಂಟಿ ಅಂದ್ರೆ ಆಫೀಸಲ್ಲಿ ಯಾರು ಕೆಲಸ ಮಾಡ್ತಾರೆ?” ನ್ಯಾಯವಾದ ಪ್ರಶ್ನೆ. ರೋಮಾಪುರದವರಿಗೆ ಬರೆದ ಪತ್ರಿಕೆ ಆರನೇ ಅಧ್ಯಾಯದಲ್ಲಿ ಪೌಲನಿಗೂ ಇದೇ ಪ್ರಶ್ನೆ ಎದುರಾಗಿತ್ತು. ಜಕ್ಕಾಯನನ್ನ ನೋಡು ಅಂತ ಅವನಿಗೆ ಹೇಳಿದೆ. ಯೇಸು ಅವನ ಮನೆಯಲ್ಲಿ ಉಳ್ಕೊಳ್ತೀನಿ ಅಂದಾಗ ಅವನಿನ್ನೂ ಕಳ್ಳನೇ. ದುಡ್ಡು ವಾಪಸ್ ಕೊಡು, ಆಮೇಲೆ ಬರ್ತೀನಿ ಅನ್ನಲಿಲ್ಲ. ನಾಲ್ಕರಷ್ಟು ತಿರುಗಿಸಿ ಕೊಡ್ತೀನಿ ಅನ್ನೋ ಮಾತು ಆಮೇಲೆ ಅವನ ಬಾಯಿಂದಲೇ ಬಂತು. ತಮ್ಮನಿಗೆ ಅರ್ಧ ಸಮಾಧಾನ ಆಯ್ತು. ಉಳಿದರ್ಧಕ್ಕೆ ನಾನು ಅವನನ್ನ ಪೀಣ್ಯಕ್ಕೆ ಕರ್ಕೊಂಡು ಹೋದೆ.

ಪೀಣ್ಯದವರಿಗೆ ಆ ಫ್ಲೈಓವರ್ ಕಥೆ ಹೇಳಬೇಕಿಲ್ಲ, ವೈಟ್‌ಫೀಲ್ಡಿನವರಿಗೆ ಹೇಳ್ತೀನಿ. ತುಮಕೂರು ರಸ್ತೆ ಮೇಲೆ ಗೊರಗುಂಟೆಪಾಳ್ಯದಿಂದ ನಾಲ್ಕು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಉದ್ದ ಇದೆ. 2021ರ ಡಿಸೆಂಬರಲ್ಲಿ, ಸರಿಯಾಗಿ ಕ್ರಿಸ್ಮಸ್ ಹೊತ್ತಿಗೆ, ಇದ್ದಕ್ಕಿದ್ದ ಹಾಗೆ ಅದನ್ನ ಮುಚ್ಚಿದರು. ಮೇಲೆ ರಸ್ತೆ ಚೆನ್ನಾಗಿಯೇ ಇತ್ತು. ಕಂಬಗಳು ನಿಂತೇ ಇದ್ದವು. ಕೆಟ್ಟಿದ್ದು 102 ಮತ್ತು 103ನೇ ಕಂಬಗಳ ನಡುವೆ, ಕಾಂಕ್ರೀಟ್ ಒಳಗಿನ ಕೇಬಲ್‌ಗಳು. ಇಂಥ ಸೇತುವೆಗಳಲ್ಲಿ ಉಕ್ಕಿನ ಕೇಬಲ್‌ಗಳನ್ನ ಜಾಕ್ ಹಾಕಿ ಬಿಗಿಯಾಗಿ ಎಳೆದು ಎರಡು ತುದಿಯಲ್ಲೂ ಕಟ್ಟಿರ್ತಾರೆ. ಕಾಂಕ್ರೀಟ್ ಗುಣ ಏನಂದ್ರೆ, ಒತ್ತಿದರೆ ತಡ್ಕೊಳ್ಳುತ್ತೆ, ಎಳೆದರೆ ಬಿರುಕು ಬಿಡುತ್ತೆ. ಒಳಗಿನ ಕೇಬಲ್ ಅದನ್ನ ಸದಾ ಅಪ್ಪಿ ಹಿಡಿದುಕೊಂಡಿರೋದ್ರಿಂದ ಮೇಲೆ ಲಾರಿ ಬಂದ್ರೂ ಬಿಚ್ಚಿಕೊಳ್ಳಲ್ಲ. ಆ ಹಿಡಿತ ಲಾರಿ ಬಂದ ಮೇಲೆ ಕೊಡೋದಲ್ಲ, ಮೊದಲೇ ಕೊಟ್ಟಿರಬೇಕು.

ಕೇಬಲ್ ಕೆಟ್ಟ ಮೇಲೆ ಏನಾಯ್ತು ನೆನಪಿದೆಯಾ? 2022ರ ಫೆಬ್ರವರಿಯಲ್ಲಿ ಮತ್ತೆ ತೆರೆದರು, ಆದ್ರೆ ಬೈಕು, ಕಾರು, ಆಟೋಗೆ ಮಾತ್ರ. ಲಾರಿ, ಬಸ್ಸು ಎಲ್ಲ ಕೆಳಗಿನ ರಸ್ತೆಯಲ್ಲಿ. ಹೊಸದಾಗಿ ಕೇಬಲ್ ಹಾಕಿ, ಪರೀಕ್ಷೆ ಮಾಡಿ, ಭಾರದ ಗಾಡಿಗಳನ್ನ ಬಿಟ್ಟಿದ್ದು 2024ರ ಜುಲೈ ಕೊನೆಗೆ. ಎರಡೂವರೆ ವರ್ಷ ಆ ಸೇತುವೆ ನೋಡೋಕೆ ಸೇತುವೆಯೇ. ಟ್ರಾಫಿಕ್ ಕೂಡ ಓಡ್ತಿತ್ತು. ಭಾರ ಮಾತ್ರ ಹೊರೋ ಹಾಗಿರಲಿಲ್ಲ.

ನಾನು ಆ ವರ್ಷಗಳಲ್ಲಿ ಅದರ ಕೆಳಗಿನ ಜಾಮಲ್ಲಿ ಸ್ಕೂಟರ್ ಮೇಲೆ ಕೂತು ಎಷ್ಟೋ ಸಾರಿ ಮೇಲೆ ನೋಡಿದ್ದೀನಿ. ಅದು ನಾನೇ ಅಲ್ವಾ ಅನ್ನಿಸ್ತಿತ್ತು. ಆರಾಧನೆ ನಡೀತಿದೆ, ಪ್ರಸಂಗ ನಡೀತಿದೆ, ಹಗುರದ ಗಾಡಿಗಳೆಲ್ಲ ಚೆನ್ನಾಗಿ ಓಡ್ತಿವೆ. ಒಬ್ಬ ಮಗಳು ತಂದೆಯ ಸಾವನ್ನ ಹೊತ್ತು ತಂದಾಗ, ಭಾರದ ಗಾಡಿಗೆ ಪ್ರವೇಶವಿಲ್ಲ ಅಂತ ಬೋರ್ಡ್ ತೋರಿಸಿದೆ. ಯಾಕಂದ್ರೆ ಒಳಗೆ ನನ್ನನ್ನ ಹಿಡಿದುಕೊಂಡಿರೋ ಕೈ ಇದೆ ಅಂತ ನನಗೇ ನಂಬಿಕೆ ಇರಲಿಲ್ಲ. ನನ್ನ ರೇಟಿಂಗ್ ಉಳಿಸಿಕೊಳ್ಳೋದೇ ನನಗೆ ಭಾರ ಆಗಿತ್ತು. ಅವಳದ್ದು ಎಲ್ಲಿ ಹೊರಲಿ? ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಒಬ್ಬರ ಭಾರ ಒಬ್ಬರು ಹೊತ್ತುಕೊಳ್ಳಬೇಕು ಅನ್ನೋ ಮಾತು ಬರುತ್ತಲ್ಲ, ಅದು ಆರನೇ ಅಧ್ಯಾಯದಲ್ಲಿ ಬರೋದು. ಐದು ಅಧ್ಯಾಯ ಪೂರ್ತಿ ಪೌಲನು ಕೇಬಲ್ ಹಾಕ್ತಾ ಇದ್ದ.

ಅದಕ್ಕೇ ತಮ್ಮ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಪ್ರೀತಿ ಖಚಿತ ಆದ್ರೆ ಮನುಷ್ಯ ಸೋಮಾರಿ ಆಗ್ತಾನಾ ಅಂತ ಕೇಳ್ತೀಯ. ಪ್ರೀತಿ ಖಚಿತ ಇಲ್ಲದ ಮನುಷ್ಯನನ್ನ ನಾನು ಹತ್ತಿರದಿಂದ ಬಲ್ಲೆ. ಅವನು ಸೋಮಾರಿ ಅಲ್ಲ, ಬಹಳ ಕೆಲಸ ಮಾಡ್ತಾನೆ. ಆದ್ರೆ ತಪ್ಪು ಒಪ್ಪಿಕೊಳ್ಳೋಕೆ ಆಗಲ್ಲ ಅವನಿಗೆ, ಒಪ್ಪಿಕೊಂಡ್ರೆ ಎಲ್ಲ ಬಿದ್ದುಹೋಗುತ್ತೆ ಅನ್ನೋ ಭಯ. ಅವನು ಜೊತೆಯವನ ಪ್ರಮೋಷನ್‌ಗೆ ಕೈ ಕುಲುಕ್ತಾನೆ, ರಾತ್ರಿ ನಿದ್ದೆ ಮಾಡಲ್ಲ. ಹೌಸ್‌ಕೀಪಿಂಗ್ ಅಕ್ಕ ದಿನಾ ಅವನ ಟೇಬಲ್ ಒರೆಸ್ತಾರೆ, ಹೆಸರು ಕೇಳಿಲ್ಲ, ಯಾಕಂದ್ರೆ ಅವರಿಂದ ಅವನ ರೇಟಿಂಗ್ ಏರಲ್ಲ. ಇದನ್ನ ನಾವು ಪರಿಶುದ್ಧತೆ ಅಂತೀವಾ?

ಒಂದು ಎಚ್ಚರಿಕೆಯೂ ಇದೆ. ದೇವರ ಪ್ರೀತಿಯನ್ನ ಅಪ್ಪಿಕೊಂಡ್ರೆ ಇಎಂಐ ತಾನಾಗಿ ಕಟ್ಟಲ್ಪಡುತ್ತೆ ಅಂತ ನಾನು ಹೇಳಲ್ಲ. ಕೆಲಸದಿಂದ ತೆಗೆದವರು ಈ ಸಾಲುಗಳಲ್ಲೇ ಇದ್ದೀರ. ಮನೆಯಲ್ಲಿ ಹೇಳದೆ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಹೊರಟು ಸಂಜೆವರೆಗೆ ಎಲ್ಲೋ ಕೂತು ಬರ್ತೀರ, ಒಬ್ಬರಿಬ್ಬರು ನನಗೆ ಹೇಳಿದ್ದೀರ. ನಿಮ್ಮ ವಿಶ್ವಾಸ ಕಡಿಮೆ ಆಯ್ತು ಅಂತ ಈ ವೇದಿಕೆಯಿಂದ ಇನ್ನು ಮೇಲೆ ಯಾರೂ ಹೇಳಲ್ಲ. ಮನೆಗೆ ಫೋನ್ ಮಾಡಿ ನಿಜ ಹೇಳೋಕೆ ಧೈರ್ಯ ಬೇಕಾದ್ರೆ ಜೊತೆಗೆ ಕೂತುಕೊಳ್ಳೋಕೆ ನಾನು ಬರ್ತೀನಿ. ರೆಸ್ಯೂಮೆ ನೋಡಿಕೊಡೋಕೆ ನಮ್ಮಲ್ಲೇ ಎಚ್‌ಆರ್ ಸಿಸ್ಟರ್‌ಗಳು ಇದ್ದಾರೆ, ಅದೂ ಸೇವೆಯೇ.

ಆ ತಂಗಿಯ ಹತ್ತಿರ ನಾನು ಹೋಗಿದ್ದು ಎರಡು ವರ್ಷ ತಡವಾಗಿ. ನಂಬರ್ ಹುಡುಕಿ, ಪಿಜಿ ಕೆಳಗಿನ ಬೇಕರಿಯಲ್ಲಿ ಸಿಕ್ಕೆವು. ಟೀ ಬಂತು. ನಾನು ಅಂದೆ, ಮಜ್ಜಿಗೆಗೆ ಅಲ್ಲಮ್ಮ, ಅವತ್ತು ನಾನು ಹೇಳಿದ್ದು ಸುಳ್ಳು, ನನ್ನನ್ನ ಕ್ಷಮಿಸು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ನಾನು ಅಭ್ಯಾಸಬಲದಿಂದ, ಪ್ರಾರ್ಥನೆ ಮಾಡ್ಲಾ ಅಂದೆ. “ಬೇಡ ಪಾಸ್ಟರ್. ಅಪ್ಪನ ಬಗ್ಗೆ ಹೇಳ್ತೀನಿ, ಕೇಳ್ತೀರಾ?” ಅಂದಳು. ಕೇಳಿದೆ. ಅವರು ರೇಷ್ಮೆ ಹುಳ ಸಾಕ್ತಿದ್ದದ್ದು, ಮಗಳ ಮೊದಲ ಸಂಬಳದ ಅಂಗಿಯನ್ನ ಇಸ್ತ್ರಿ ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿ ಇಟ್ಟಿದ್ದದ್ದು, ಕೊನೆ ದಿನ ಆಕೆಗೆ ಊಟ ಆಯ್ತಾ ಅಂತ ಕೇಳಿದ್ದು. ಮೂರು ಟೀ ಆಯ್ತು. ಆಕೆ ಈಗ ಬೇರೆ ಸಭೆಗೆ ಹೋಗ್ತಾಳೆ, ಅವಳ ಮನೆಗೆ ಹತ್ತಿರ ಇರೋ ಸಭೆ. ದೇವರಿಗೆ ಸ್ತೋತ್ರ.

ಇವತ್ತು ಯಾರೂ ಮುಂದೆ ಬರೋದು ಬೇಡ. ಕೈ ಎತ್ತೋದೂ ಬೇಡ. ಕೂತಲ್ಲೇ ಐದು ನಿಮಿಷ ಕೂತಿರೋಣ, ಕೀಬೋರ್ಡ್ ಕೂಡ ಬೇಡ ಬ್ರದರ್. ಏನನ್ನೂ ಕೇಳಬೇಡಿ, ಏನನ್ನೂ ಕೊಡಬೇಡಿ. ತಂದೆಯ ಮುಂದೆ ಸುಮ್ಮನೆ ಇರಿ. ಹಿಂದಿನ ಸಾಲಲ್ಲಿ ನಿದ್ದೆ ಹೋದವರನ್ನ ಎಬ್ಬಿಸಬೇಡಿ.